ಡಿಸೋಸಿಯೇಷನ್ ಅನುಭವವನ್ನು ಮಾತಿಗೆ ತರುವುದು: ಅಧ್ಯಯನ ಟಿಪ್ಪಣಿ

ತುಮಕೂರಿನಲ್ಲಿ ನನ್ನೊಂದಿಗೆ ಆಪ್ತಸಮಾಲೋಚನೆ ಕಲಿಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆತಂಕ, ಖಿನ್ನತೆಗಳ ಲಕ್ಷಣಗಳು ನಿಮಗೆಲ್ಲ ಗೊತ್ತಿರುವುದರಿಂದ ಅವನ್ನು ಬಿಟ್ಟಿದ್ದೇನೆ.

ತನ್ನಿಂದಲೋ ಸುತ್ತಲಿನಿಂದಲೋ ಮನಸ್ಸು ಕಳಚಿಕೊಂಡಂತಾಗುವುದು ಡಿಸೋಸಿಯೇಷನ್. ಅದರಲ್ಲಿ ತನ್ನ ಮೈ, ಮಾತು, ಯೋಚನೆ ತನ್ನದಲ್ಲ ಅನ್ನಿಸುವುದು ಡಿಪರ್ಸನಲೈಸೇಷನ್. ಸುತ್ತಲಿನ ಜಗತ್ತು ನಿಜವಲ್ಲ ಅನ್ನಿಸುವುದು ಡಿರಿಯಲೈಸೇಷನ್. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಇವೆರಡನ್ನೂ ಒಂದೇ ಕಾಯಿಲೆಯ ಅಡಿಯಲ್ಲಿ ಸೇರಿಸಿದೆ. ಆಘಾತ, ವಿಪರೀತ ಆತಂಕ, ನಿದ್ದೆಗೇಡು ಇದ್ದಾಗ ಇಂಥ ಅನುಭವ ಯಾರಿಗಾದರೂ ಸ್ವಲ್ಪ ಹೊತ್ತು ಬಂದುಹೋಗಬಹುದು.

ನನಗೆ ಬಹಳ ಕಾಲ ಬಿಡಿಸಲಾಗದ ಗಂಟು ಇದು. ಎದುರಿಗೆ ಕುಳಿತವರು "ಈ ಕೈ ನನ್ನದಲ್ಲ" ಎನ್ನುತ್ತಾರೆ. ಇದು ಡಿಪರ್ಸನಲೈಸೇಷನ್ನೋ, ನಿಜವಲ್ಲದ್ದನ್ನು ದೃಢವಾಗಿ ನಂಬುವ ಭ್ರಮೆಯೋ? ಎರಡರಲ್ಲೂ ವಾಕ್ಯ ಒಂದೇ. ಸಂಕಟದಲ್ಲಿರುವವರು "ನನ್ನದಲ್ಲ ಅನ್ನಿಸುತ್ತದೆ" ಎಂದು ಅಳೆದು ತೂಗಿ ಮಾತನಾಡುವುದಿಲ್ಲ, "ಅನ್ನಿಸುತ್ತದೆ" ಎಂಬುದು ಬಿಟ್ಟುಹೋಗುತ್ತದೆ. ಆದ್ದರಿಂದ ಅದನ್ನು ನಾವೇ ಕೇಳಿ ತಿಳಿಯಬೇಕು: "ಆ ಹೊತ್ತಿನಲ್ಲಿ ಕೈ ನೋಡಿಕೊಂಡರೆ ಯಾರದೆಂದು ಗೊತ್ತಾಗುತ್ತದೆಯೇ?" "ನನ್ನದೇ ಎಂದು ಗೊತ್ತು, ಆದರೆ ನನ್ನದು ಅನ್ನಿಸುವುದಿಲ್ಲ" ಎಂಬ ಉತ್ತರ ಬಂದರೆ, ಗೊತ್ತಿರುವುದಕ್ಕೂ ಅನ್ನಿಸುವುದಕ್ಕೂ ನಡುವೆ ಬಿದ್ದಿರುವ ಆ ಬಿರುಕೇ ಡಿಪರ್ಸನಲೈಸೇಷನ್‌ನ ಗುರುತು. ವಾಸ್ತವದ ಅರಿವು ಅಲ್ಲಿ ಉಳಿದಿರುತ್ತದೆ. "ಯಾರೋ ನನ್ನ ಕೈ ಬದಲಾಯಿಸಿದ್ದಾರೆ" ಎಂದು ದೃಢವಾಗಿ ನಂಬಿದ್ದರೆ ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸಬೇಕು. ಈ ಪ್ರಶ್ನೆಯಿಂದ ಎದುರಿಗೆ ಕುಳಿತವರಿಗೂ ಉಪಕಾರವಿದೆ. ಹುಚ್ಚು ಹಿಡಿಯುತ್ತಿದೆ ಎಂಬ ಹೆದರಿಕೆಯಿಂದ ವರ್ಷಗಟ್ಟಲೆ ಬಾಯಿ ಬಿಡದವರಿದ್ದಾರೆ. ತಮಗೆ ಗೊತ್ತಿರುವುದು ಸರಿಯಾಗಿಯೇ ಇದೆ ಎಂದು ತಿಳಿದರೆ ಅವರ ಬಿಗಿ ಸಡಿಲವಾಗುತ್ತದೆ.

ಇನ್ನು ನನ್ನ ನೆಚ್ಚಿನ ಒಳದಾರಿ. "ನಿಮಗೆ ಏನನ್ನಿಸುತ್ತಿದೆ?" ಎಂದು ಆರಂಭಿಸಬೇಡಿ. "ಏನೂ ಇಲ್ಲ" ಎಂಬ ಉತ್ತರ ಬರುತ್ತದೆ. ಅದನ್ನು ಹಟ ಎಂದು ತಿಳಿಯಬಾರದು, ಭಾವನೆ ಮರಗಟ್ಟಿದವರು ಇದ್ದದ್ದನ್ನು ಇದ್ದಂತೆ ಹೇಳುತ್ತಿರಬಹುದು. ತನ್ನ ಭಾವನೆಯನ್ನು ಗುರುತಿಸಿ ಹೇಳಲಾಗದ ಸ್ಥಿತಿಗೆ 1970ರ ದಶಕದಲ್ಲಿ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಅಲೆಕ್ಸಿಥೈಮಿಯಾ ಎಂಬ ಹೆಸರು ಕೊಟ್ಟರು. ಭಾವನೆಯ ಹೆಸರನ್ನು ಕೇಳುವ ಬದಲು ದೂರವನ್ನು ಕೇಳಿ: "ನನ್ನ ಧ್ವನಿ ಹತ್ತಿರದಿಂದ ಕೇಳುತ್ತಿದೆಯೇ, ದೂರದಿಂದಲೇ?" ಆಮೇಲೆ ಮೈ: ಜೋಮು ಹಿಡಿದಿದೆಯೇ, ಎದೆ ಭಾರವೇ, ಕಾಲು ನೆಲ ಮುಟ್ಟಿದ್ದು ತಿಳಿಯುತ್ತಿದೆಯೇ? ಆಮೇಲೆ ಹೊತ್ತು: ಎಳೆಯುತ್ತಿದೆಯೇ, ಹಾರಿಹೋಗುತ್ತಿದೆಯೇ? "ಮಳೆ ಬಿದ್ದ ಬಸ್ಸಿನ ಗಾಜಿನಾಚೆ ಬಿ.ಎಚ್. ರಸ್ತೆ ಕಂಡಂತೆ ಮನೆಯವರೆಲ್ಲ ಕಾಣುತ್ತಾರೆ" ಎಂಬಂಥ ಮಾತು ಇಂಥ ಪ್ರಶ್ನೆಗಳಿಂದಲೇ ಹೊರಬರುತ್ತದೆ. ಅವರು ಕೊಟ್ಟ ಮಾತನ್ನೇ ಮುಂದೆ ಬಳಸಿ, ನಮ್ಮ ಪಠ್ಯದ ಪದವನ್ನು ಅದರ ಮೇಲೆ ಹೇರಬೇಡಿ.

"ಬೇಸರ" ಎಂದರೆ ಅಲ್ಲಿಗೇ ನಿಲ್ಲಬೇಡಿ. ಅತ್ತುಬಿಡಬೇಕು ಅನ್ನಿಸುವ ಬೇಸರವೋ, ಎದ್ದುಹೋಗಬೇಕು ಅನ್ನಿಸುವ ಬೇಸರವೋ, ಯಾರಿಗಾದರೂ ಬೈಯಬೇಕು ಅನ್ನಿಸುವ ಬೇಸರವೋ? ದುಃಖ, ಭಯ, ಕೋಪ ಇಲ್ಲಿ ಬೇರೆಬೇರೆಯಾಗುತ್ತವೆ.

ಪ್ರಮಾಣದ ಬಗ್ಗೆ ಒಂದು ಮಾತು. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗುವವರು "ದಾಬಸ್‌ಪೇಟೆ ದಾಟಿದ್ದೇ ಗೊತ್ತಾಗಲಿಲ್ಲ" ಎಂದರೆ ಅದು ಕಾಯಿಲೆಯಲ್ಲ. ಡಿಸೋಸಿಯೇಷನ್ ಅನುಭವಗಳನ್ನು ಅಳೆಯಲು 1986ರಲ್ಲಿ ಬಂದ ಡಿಸೋಸಿಯೇಟಿವ್ ಎಕ್ಸ್‌ಪೀರಿಯೆನ್ಸಸ್ ಸ್ಕೇಲ್‌ನ 28 ಪ್ರಶ್ನೆಗಳಲ್ಲಿ ಮೊದಲನೆಯದೇ ಇಂಥ ಪ್ರಯಾಣದ ಕುರಿತಾದದ್ದು. ಅದು ಸಂದೇಹ ಮೂಡಿಸುವ ಸಾಧನವೇ ಹೊರತು ರೋಗನಿರ್ಣಯವಲ್ಲ. ಹಾಗೆಯೇ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು, ಅದು ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿರುವಾಗ, 2022ರಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಕಾಯಿಲೆ ಎನ್ನುವುದಿಲ್ಲ.

ಹೇಳುತ್ತಾ ಹೇಳುತ್ತಾ ಅವರ ನೋಟ ನಿಂತುಹೋದರೆ, ಉತ್ತರ ತಡವಾದರೆ, ವಿವರ ಕೇಳುವುದನ್ನು ಅಲ್ಲಿಗೇ ನಿಲ್ಲಿಸಿ. ಪಾದವನ್ನು ನೆಲಕ್ಕೆ ಒತ್ತಿಸಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳನ್ನು ಹೆಸರಿಸಲು ಹೇಳಿ. ಕಥೆ ಮುಂದಿನ ವಾರಕ್ಕೂ ಕಾಯುತ್ತದೆ. ನಡುವೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು ಎಂದು ತಿಳಿಸಿ. ಮನೆಗೆ ಹೋಗುವಾಗ ಒಂದು ಚೀಟಿ ಕೊಡಿ: ಯಾವಾಗ ಆಯಿತು, ಎಲ್ಲಿದ್ದೆ, ಎಷ್ಟು ದೂರ ಅನ್ನಿಸಿತು, ಏನು ಮಾಡಿದಾಗ ಮರಳಿ ಬಂದೆ. ಮುಂದಿನ ಸಲ ಬಾಯಿ ಕಟ್ಟಿದರೆ ಅದನ್ನು ಓದಿದರೂ ಸಾಕು.