ಚಳಿಯಲ್ಲಿ ಹುಟ್ಟುವ ಸುರುಳಿ

ತೊಗರಿ ಕೊಯ್ಲು ಹತ್ತಿರ ಬಂತೆಂದರೆ ಕಲಬುರಗಿ ಸುತ್ತಲಿನ ಹಳ್ಳಿಗಳ ಕುಲುಮೆಗಳಿಗೆ ಬಿಡುವಿರುವುದಿಲ್ಲ. ಅಂಥದೊಂದು ಕುಲುಮೆಗೆ ಕುಡಗೋಲು ಹಣಿಸಲು ಹೋದಾಗ ಹಳೆ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿಕೊಂಡು ಒಯ್ದಿದ್ದೆ. ಇಕ್ಕಳದಲ್ಲಿದ್ದ ಕೆಂಪನೆಯ ಕುಡಗೋಲಿನ ಹತ್ತಿರ ಹಿಡಿದರೆ ಅದು ಅಲುಗಲಿಲ್ಲ. ನೀರಿಗೆ ಅದ್ದಿ ತೆಗೆದ ಮೇಲೆ ಟಪ್ಪೆಂದು ಹೋಗಿ ಅಂಟಿಕೊಂಡಿತು. "ಕಾದಾಗ ಹಿಡಿಯಂಗಿಲ್ಲ, ಆರಿದ ಮ್ಯಾಲೆ ಹಿಡೀತದ ನೋಡ್ರಿ ಸರ" ಎಂದರು ಕಾಕಾ. ಅವರಿಗೆ ಇದು ಹೊಸದಲ್ಲ.

ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾವಿನ ಕುಲುಕಾಟಕ್ಕೆ ಅವು ದಿಕ್ಕಾಪಾಲು. ಕಾವು ಇಳಿದರೆ ಗುಂಪುಗುಂಪಾಗಿ ಒಂದೇ ಕಡೆ ಮುಖ ಮಾಡುತ್ತವೆ. ಇದೇ ಸ್ಥಿತ್ಯಂತರ.

ಕಬ್ಬಿಣದಲ್ಲಿ ನೆರೆಹೊರೆಯ ಹಿಡಿತ ಬಿಗಿ, ಅದಕ್ಕೇ ಅಷ್ಟು ಕಾವಿನಲ್ಲೂ ಸಾಲು ಕೂಡಿಬರುತ್ತದೆ. ಟರ್ಬಿಯಂ ಮ್ಯಾಂಗನೈಟ್ ಎಂಬ ಹರಳಿನ ಕತೆ ಬೇರೆ. ಅಲ್ಲಿ ಮ್ಯಾಂಗನೀಸ್ ಪರಮಾಣುವನ್ನು ಪಕ್ಕದ್ದು ಒಂದು ಕಡೆ ಎಳೆದರೆ, ಅದರಾಚೆಯದು ಇನ್ನೊಂದು ಕಡೆ ಎಳೆಯುತ್ತದೆ. ಈ ಜಗ್ಗಾಟ ಬಗೆಹರಿಯಲು ಊಹೆಗೂ ಮೀರಿದ ಚಳಿ ಬೇಕು. ತಣಿಸುತ್ತ ಹೋದರೆ ಮೈನಸ್ 232 ಡಿಗ್ರಿಯ ಸುಮಾರಿಗೆ ಮೊದಲ ಶಿಸ್ತು: ಪುಟ್ಟ ಅಯಸ್ಕಾಂತಗಳೆಲ್ಲ ಒಂದೇ ಗೆರೆಯಲ್ಲಿ, ಅಲೆಯಂತೆ ಏರುತ್ತ ಇಳಿಯುತ್ತ ನಿಲ್ಲುತ್ತವೆ. ವಿದ್ಯುತ್ತಿನ ಸುಳಿವಿಲ್ಲ. ಮೈನಸ್ 245ರ ಹತ್ತಿರ ಎರಡನೆಯದು: ಪ್ರತಿಯೊಂದೂ ಪಕ್ಕದ್ದಕ್ಕಿಂತ ತುಸು ಹೊರಳಿ, ಸಾಲೇ ಸುರುಳಿಯಾಗುತ್ತದೆ.

ನನಗೆ ಬೆರಗು ಇಲ್ಲಿಯೇ. ಅಲೆಯನ್ನು ಯಾವ ತುದಿಯಿಂದ ನೋಡಿದರೂ ಒಂದೇ. ಸುರುಳಿ ಹಾಗಲ್ಲ, ಈ ತುದಿಯಿಂದ ಹೊರಟರೆ ಬಲಕ್ಕೆ ಹೊರಳುವುದು, ಆ ತುದಿಯಿಂದ ಹೊರಟರೆ ಎಡಕ್ಕೆ. ಆ ಸಮತೆ ಮುರಿದ ಗಳಿಗೆಯಲ್ಲೇ ಹರಳಿನೊಳಗಿನ ಧನ, ಋಣ ವಿದ್ಯುದಂಶಗಳು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಸರಿಯುತ್ತವೆ, ಹರಳಿಗೆ ಧನದ ಮಗ್ಗುಲು, ಋಣದ ಮಗ್ಗುಲು ಬರುತ್ತವೆ. ಅಯಸ್ಕಾಂತದ ಸಾಲು ವಿದ್ಯುತ್ತನ್ನು ಹಡೆಯಿತು! 2003ರಲ್ಲಿ ಜಪಾನಿನ ಕಿಮುರಾ, ಟೊಕುರಾ ಮತ್ತು ಸಂಗಡಿಗರು ಹೊರಗಿನಿಂದ ಕಾಂತಕ್ಷೇತ್ರ ಒಡ್ಡಿ, ಈ ವಿದ್ಯುತ್ ಧ್ರುವೀಕರಣವನ್ನು 90 ಡಿಗ್ರಿ ಹೊರಳಿಸಿ ತೋರಿಸಿದರು. ಹೀಗೆ ಎರಡು ಗುಣ ಒಂದೇ ಮೈಯಲ್ಲಿರುವ ವಸ್ತುಗಳೇ ಮಲ್ಟಿಫೆರೋಯಿಕ್.

ಬಿಸ್ಮತ್ ಫೆರೈಟ್ ಎಂಬ ಇನ್ನೊಂದು ಮಲ್ಟಿಫೆರೋಯಿಕ್ ಹರಳಿನಲ್ಲಿ ಎರಡೂ ಗುಣ ನಮ್ಮ ಮೇ ತಿಂಗಳ ಬಿಸಿಲಲ್ಲೂ ಉಳಿಯುತ್ತವೆ. ಆದರೆ ತಣಿಯುವಾಗ ವಿದ್ಯುತ್ತಿನ ಗುಣ 800 ಡಿಗ್ರಿಗೂ ಮೇಲೆಯೇ ಬಂದುಬಿಡುತ್ತದೆ, ಕಾಂತಗುಣ 370ರ ಸುಮಾರಿಗೆ. ಬೇರೆ ಬೇರೆ ಹುಟ್ಟಿದವು. ಒಂದು ಕರೆದರೆ ಇನ್ನೊಂದು ಅಷ್ಟಾಗಿ ಓಗೊಡದು. ಟರ್ಬಿಯಂ ಹರಳಿನಲ್ಲಿ ನಂಟು ಬಿಗಿ, ಆದರೆ ವಿದ್ಯುತ್ತು ಬಲು ಕ್ಷೀಣ, ಚಳಿಯೋ ವಿಪರೀತ. ಹಾಗಾಗಿ ಈಗಿನ ಹುಡುಕಾಟ, ಕೋಣೆಯ ಬಿಸಿಯಲ್ಲೂ ಸುರುಳಿ ಬಿಚ್ಚಿಕೊಳ್ಳದ ಹರಳಿಗಾಗಿ.