ಮೀಸಲಾತಿ ಹೋದ ಮೇಲೂ ಗೆದ್ದವರು

ಮಹಿಳಾ ಮೀಸಲಾತಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ: ಹೆಸರಿಗೆ ಹೆಂಡತಿ, ಆಡಳಿತ ಗಂಡನದು. ಹಾಗೆ ನಡೆಯುವ ಊರುಗಳಿವೆ, ನಿಜ. ಆದರೆ ಎಲ್ಲ ಕಡೆ ಹಾಗೇನಾ ಅಂತ ಸುಮ್ನೆ ಊಹಿಸಬೇಕಿಲ್ಲ, ಅಳೆದು ನೋಡಬಹುದು.

ಅಳೆಯುವುದು ಸುಲಭವೇನಲ್ಲ. ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆ ಇರುವ ಊರಿನಲ್ಲಿ ಕುಡಿಯುವ ನೀರಿಗೆ ತೊಂದರೆ ಇಲ್ಲ ಅಂದುಕೊಳ್ಳಿ. ಅದು ಆಕೆ ಮಾಡಿದ ಕೆಲಸವೋ, ಇಲ್ಲಾ ಹೆಂಗಸನ್ನು ಗೆಲ್ಲಿಸುವಂಥ ಊರಿನಲ್ಲಿ ನೀರು ಮೊದಲಿಂದಲೂ ಚೆನ್ನಾಗಿತ್ತೋ? ಪಂಚಾಯಿತಿಗಳ ಕುರಿತಾದ ಸಂವಿಧಾನದ 73ನೇ ತಿದ್ದುಪಡಿ ಈ ಗಂಟನ್ನು ತನಗೇ ಗೊತ್ತಿಲ್ಲದೆ ಬಿಡಿಸಿತು. ಅಧ್ಯಕ್ಷ ಸ್ಥಾನಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಅಂದಿತು, ಯಾವ ಪಂಚಾಯಿತಿಗೆ ಅನ್ನೋದು ಊರಿನವರ ಕೈಯಲ್ಲಿ ಇರಲಿಲ್ಲ, ಸರದಿ ಪ್ರಕಾರ ಬರುತ್ತಿತ್ತು. ಹೊಸ ಔಷಧಿ ಪರೀಕ್ಷಿಸುವಾಗ ಯಾರಿಗೆ ಕೊಡಬೇಕು ಅಂತ ಚೀಟಿ ಎತ್ತಿದ ಹಾಗೆ.

ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ ಇದನ್ನೇ ಹಿಡಿದು ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರದಲ್ಲಿ ಲೆಕ್ಕ ಹಾಕಿದರು. ಅಧ್ಯಯನ ಪ್ರಕಟವಾದದ್ದು 2004ರಲ್ಲಿ. ಹೆಂಗಸರು ಏನು ಕೇಳುತ್ತಾರೆ, ಗಂಡಸರು ಏನು ಕೇಳುತ್ತಾರೆ ಅಂತ ಬೇರೆ ಬೇರೆಯಾಗಿ ನೋಡಿದರು. ಎರಡೂ ಕಡೆ ಹೆಂಗಸರು ಕುಡಿಯುವ ನೀರನ್ನೇ ಜಾಸ್ತಿ ಕೇಳುತ್ತಿದ್ದರು. ಅಧ್ಯಕ್ಷೆ ಇದ್ದ ಪಂಚಾಯಿತಿಗಳಲ್ಲಿ ನೀರಿನ ಕೆಲಸವೂ ಜಾಸ್ತಿ ಆಗಿತ್ತು. ನನಗೆ ಇನ್ನೂ ಮುಖ್ಯ ಅನ್ನಿಸೋದು ರಸ್ತೆಯ ವಿಷಯ. ಬೀರ್‌ಭೂಮ್‌ನಲ್ಲಿ ರಸ್ತೆ ಹೆಂಗಸರ ಬೇಡಿಕೆ, ಅಲ್ಲಿ ರಸ್ತೆ ಸುಧಾರಿಸಿತು. ಉದಯಪುರದಲ್ಲಿ ಅದು ಗಂಡಸರ ಬೇಡಿಕೆ, ಅಲ್ಲಿ ರಸ್ತೆಗೆ ದುಡ್ಡು ಕಡಿಮೆಯಾಯಿತು. ಅಂದರೆ ಅಧ್ಯಕ್ಷೆ ಬಂದಳು ಅಂತ ಎಲ್ಲವೂ ಒಳ್ಳೆಯದಾಗಲಿಲ್ಲ, ಯಾರ ಬೇಡಿಕೆ ಪಟ್ಟಿಯ ಮೇಲಕ್ಕೆ ಬರುತ್ತದೆ ಅನ್ನೋದು ಬದಲಾಯಿತು. ಆಡಳಿತವೆಲ್ಲ ಗಂಡನದೇ ಆಗಿದ್ದರೆ ಈ ವ್ಯತ್ಯಾಸ ಕಾಣಬಾರದಿತ್ತು, ಅಲ್ವಾ?

ಮುಂಬೈ ಪಾಲಿಕೆಯದು ಇನ್ನೊಂದು ಕಥೆ. 1997ರಲ್ಲಿ ಮೀಸಲಾಗಿದ್ದ ಕೆಲವು ವಾರ್ಡ್‌ಗಳು 2002ಕ್ಕೆ ಸಾಮಾನ್ಯವಾದವು. ಆದರೂ ಅಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಉಳಿದ ಸಾಮಾನ್ಯ ವಾರ್ಡ್‌ಗಳಿಗಿಂತ ಸುಮಾರು ಐದು ಪಟ್ಟು ಇತ್ತು. ಇದನ್ನು ಲೆಕ್ಕ ಹಾಕಿದವರು ಸಂಶೋಧಕ ರಿಖಿಲ್ ಭವ್ನಾನಿ.

ಇನ್ನು ಲೋಕಸಭೆ. 2024ರಲ್ಲಿ ಗೆದ್ದ 543 ಮಂದಿಯಲ್ಲಿ ಮಹಿಳೆಯರು 74. ನಮ್ಮ ಕರ್ನಾಟಕದ 28ರಲ್ಲಿ 3. ಲೋಕಸಭೆಯಲ್ಲೂ ಮಹಿಳೆಯರಿಗೆ ಸ್ಥಾನ ಮೀಸಲಿಡುವ ಮಸೂದೆ ಮೊದಲು ಮಂಡನೆಯಾದದ್ದು 1996ರಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ನಿಂತುಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಲೋಕಸಭೆ 454–2 ಮತಗಳಿಂದ ಪಾಸು ಮಾಡಿತು. ಆದರೆ ಜಾರಿಗೆ ಮುಂಚೆ ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು ಎಂಬ ಷರತ್ತೂ ಅದರೊಳಗೇ ಬಂತು. ಇಪ್ಪತ್ತೇಳು ವರ್ಷ ಕಾದವರಿಗೆ ಮತ್ತೆ ಕಾಯಿರಿ ಅಂದಿದ್ದು ನನಗೆ ಸರಿ ಕಾಣಲಿಲ್ಲ.

ಪಂಚಾಯಿತಿಯ ಫಲಿತಾಂಶವನ್ನು ಹಾಗೇ ಸಂಸತ್ತಿಗೆ ಹಚ್ಚಲೂ ಬರುವುದಿಲ್ಲ. ಅಧ್ಯಕ್ಷೆ ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅಂತ ಹೇಳಬಲ್ಲಳು. ಸಂಸದೆ ಮಾತ್ರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕು ಎಂಬ ಆದೇಶ) ಮೀರಿ ಮತ ಹಾಕಿದರೆ, 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನವನ್ನೇ ಕಳೆದುಕೊಳ್ಳಬಹುದು. ಆಕೆಯ ಪ್ರಭಾವ ಇರುವುದು ಸ್ಥಾಯಿ ಸಮಿತಿಗಳಲ್ಲಿ, ಪ್ರಶ್ನೋತ್ತರ ವೇಳೆಯಲ್ಲಿ, ಖಾತೆ ಸಿಕ್ಕರೆ ಮಂತ್ರಿಗಿರಿಯಲ್ಲಿ. ಇವೆಲ್ಲ ಕೈಗೂಡಲು ಎರಡು ಮೂರು ಅವಧಿಯ ಅನುಭವ ಬೇಕು. 2010ರ ಮಸೂದೆಯಂತೆ ಮೀಸಲು ಕ್ಷೇತ್ರ ಸರದಿಯ ಮೇಲೆ ಬದಲಾಗುತ್ತಾ ಹೋಗಿದ್ದರೆ, ಗೆದ್ದವಳು ಮುಂದಿನ ಸಲ ಅದೇ ಮೀಸಲು ಕ್ಷೇತ್ರದಲ್ಲಿ ನಿಲ್ಲುವುದೇ ಕಷ್ಟವಾಗುತ್ತಿತ್ತು. 2023ರ ಕಾನೂನಿನಲ್ಲಿ ಮರುವಿಂಗಡಣೆ ಆದಾಗ ಮಾತ್ರ ಬದಲಾವಣೆ. ಒಮ್ಮೆ ಗೆದ್ದವಳು ಅದೇ ಜನರ ಮುಂದೆ ಹೋಗಿ, ಮಾಡಿದ ಕೆಲಸ ತೋರಿಸಿ, ಮತ್ತೆ ಮತ ಕೇಳಬಹುದು.