ಬೆಳಗಾವಿಯ ಮರಾಠಿ ಶಾಲೆಗೂ ಜತ್ತದ ಕನ್ನಡ ಶಾಲೆಗೂ ಒಂದೇ ವಿಧಿ

ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಭಾಷಾ ಅಲ್ಪಸಂಖ್ಯಾತರು. ಗಡಿ ದಾಟಿ ಮಹಾರಾಷ್ಟ್ರದ ಜತ್ತಕ್ಕೋ ಅಕ್ಕಲಕೋಟೆಗೋ ಹೋದರೆ ಅಲ್ಲಿ ಕನ್ನಡಿಗರೇ ಅಲ್ಪಸಂಖ್ಯಾತರು. 1956ರ ನವೆಂಬರ್ 1ರಂದು ಬೆಳಗಾವಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಮನೆ, ಹೊಲ, ನೆರೆಹೊರೆ ಎಲ್ಲ ಇದ್ದಲ್ಲೇ ಇತ್ತು. ರಾಜ್ಯದ ಲೆಕ್ಕದಲ್ಲಿ ಯಾರು ಜಾಸ್ತಿ, ಯಾರು ಕಡಿಮೆ ಎಂಬುದು ಮಾತ್ರ ಒಂದೇ ದಿನದಲ್ಲಿ ತಿರುಗಿಬಿತ್ತು. ಈ ಭಾಗದಲ್ಲಿ ಗಡಿ ಎಂದರೆ ಜಗಳದ ಮಾತೇ ಮೊದಲು ಬರುತ್ತದೆ. ಗೆರೆ ಎಳೆದಾಗ ಆಚೆ ಉಳಿದವರಿಗೆ ಏನು ಭರವಸೆ ಎಂಬ ಪ್ರಶ್ನೆ ನನಗೆ ಅದಕ್ಕಿಂತ ದೊಡ್ಡದು.

ಮೊದಲ ಮಹಾಯುದ್ಧ ಮುಗಿದಾಗ ಯೂರೋಪಿಗೂ ಇದೇ ಪ್ರಶ್ನೆ ಎದುರಾಗಿತ್ತು. ಸಾಮ್ರಾಜ್ಯಗಳು ಒಡೆದು ಹೊಸ ದೇಶಗಳಾದವು. ಒಂದೊಂದು ದೇಶದೊಳಗೂ ಬೇರೆ ಭಾಷೆ, ಬೇರೆ ಧರ್ಮದ ಲಕ್ಷಾಂತರ ಜನ ಸಿಕ್ಕಿಕೊಂಡರು. 1919ರ ಜೂನ್ 28ರಂದು ಪೋಲೆಂಡ್ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಅಲ್ಪಸಂಖ್ಯಾತರ ಧರ್ಮ, ಭಾಷೆ, ಶಾಲೆಗಳಿಗೆ ಅದರಲ್ಲಿ ರಕ್ಷಣೆ ಇತ್ತು. ರುಮೇನಿಯಾ, ಚೆಕೊಸ್ಲೊವಾಕಿಯಾ, ಗ್ರೀಸ್ ಜೊತೆಗೂ ಇಂಥವೇ ಒಪ್ಪಂದಗಳಾದವು. ಮೇಲ್ವಿಚಾರಣೆ ಆಗಿನ ದೇಶಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್‌ನದು.

ಆ ಕಾಲದ ಒಂದು ಮೊಕದ್ದಮೆ ನಮ್ಮ ಗಡಿಭಾಗದವರು ಓದಲೇಬೇಕಾದದ್ದು. ಅಲ್ಬೇನಿಯಾ 1933ರಲ್ಲಿ ದೇಶದ ಎಲ್ಲ ಖಾಸಗಿ ಶಾಲೆಗಳನ್ನು ಮುಚ್ಚಿತು. ಗ್ರೀಕ್ ಮಾತಾಡುವವರ ಶಾಲೆಗಳೂ ಹೋದವು. ಸರ್ಕಾರದ ವಾದ ಸರಳವಾಗಿತ್ತು: ಎಲ್ಲರ ಶಾಲೆಯನ್ನೂ ಮುಚ್ಚಿದ್ದೇವೆ, ಇದರಲ್ಲಿ ಭೇದ ಎಲ್ಲಿದೆ? ಹೇಗ್‌ನಲ್ಲಿದ್ದ ಆಗಿನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ 1935ರಲ್ಲಿ ಕೊಟ್ಟ ಸಲಹಾ ಅಭಿಪ್ರಾಯದಲ್ಲಿ ಈ ವಾದವನ್ನು ಒಪ್ಪಲಿಲ್ಲ. ಬಹುಸಂಖ್ಯಾತರಿಗೆ ಸರ್ಕಾರಿ ಶಾಲೆಯೇ ತಮ್ಮ ಶಾಲೆ. ಅಲ್ಪಸಂಖ್ಯಾತರಿಗೆ ತಮ್ಮದು ಹೋದರೆ ತಮ್ಮತನ ಉಳಿಸಿಕೊಳ್ಳುವ ದಾರಿಯೇ ಹೋಗುತ್ತದೆ. ಕಾಗದದ ಮೇಲೆ ಸಮಾನತೆ ಇದ್ದರೆ ಸಾಲದು, ಬದುಕಿನಲ್ಲೂ ಇರಬೇಕು ಎಂಬುದು ಅದರ ತಿರುಳು.

ಆದರೆ ಒಪ್ಪಂದಗಳ ಆ ವ್ಯವಸ್ಥೆ ಬಾಳಲಿಲ್ಲ. ಹೊಸ ದೇಶಗಳು, ಹೊಸದಾಗಿ ನೆಲ ಪಡೆದ ಸಣ್ಣ ದೇಶಗಳು, ಕೆಲವು ಸೋತ ದೇಶಗಳು, ಇಂಥವಕ್ಕೆ ಮಾತ್ರ ಅದರ ಕಟ್ಟು. ಬ್ರಿಟನ್, ಫ್ರಾನ್ಸ್‌ಗೆ ಅದು ಅನ್ವಯಿಸುತ್ತಲೇ ಇರಲಿಲ್ಲ. ತಮಗೊಂದು ನ್ಯಾಯ, ದೊಡ್ಡವರಿಗೊಂದು ನ್ಯಾಯ ಎಂದರೆ ಯಾರು ತಾನೇ ಸಹಿಸುತ್ತಾರೆ? 1934ರಲ್ಲಿ ಪೋಲೆಂಡ್ ಈ ಮೇಲ್ವಿಚಾರಣೆಗೆ ಸಹಕರಿಸುವುದಿಲ್ಲ ಎಂದುಬಿಟ್ಟಿತು. 1938ರಲ್ಲಿ ಹಿಟ್ಲರ್ ಚೆಕೊಸ್ಲೊವಾಕಿಯಾದ ಜರ್ಮನ್ ಭಾಷಿಕರ ಹೆಸರು ಹೇಳಿಕೊಂಡೇ ಆ ದೇಶವನ್ನು ತುಂಡರಿಸಿದ.

ಹಾಗಾಗಿ ಎರಡನೇ ಯುದ್ಧದ ನಂತರ ಅಲ್ಪಸಂಖ್ಯಾತರ ಮಾತೆತ್ತಿದರೇ ಸರ್ಕಾರಗಳು ಅಂಜುತ್ತಿದ್ದವು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ ಅವರಿಗಾಗಿ ಒಂದು ವಿಧಿಯೂ ಇಲ್ಲ. ಅದು ಬಂದದ್ದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದಲ್ಲಿ, 27ನೇ ವಿಧಿಯಾಗಿ. ಅಲ್ಪಸಂಖ್ಯಾತ ಗುಂಪಿಗೆ ಸೇರಿದ ವ್ಯಕ್ತಿಗಳು ತಮ್ಮವರ ಜೊತೆಗೂಡಿ ತಮ್ಮ ಸಂಸ್ಕೃತಿ, ಧರ್ಮ, ಭಾಷೆಯಲ್ಲಿ ಬಾಳುವ ಹಕ್ಕನ್ನು ಕಸಿಯಬಾರದು ಎನ್ನುತ್ತದೆ ಅದು.

ಈ ವಿಧಿಗೆ ಜೀವ ತಂದವರು ಕೆನಡಾದ ಸಾಂಡ್ರಾ ಲವ್‌ಲೇಸ್. ಅವರು ಮಾಲಿಸೀಟ್ ಎಂಬ ಮೂಲನಿವಾಸಿ ಸಮುದಾಯದವರು. ಹೊರಗಿನವನನ್ನು ಮದುವೆಯಾದ ಕಾರಣಕ್ಕೆ ಕಾನೂನು ಅವರ ಸಮುದಾಯದ ಸ್ಥಾನವನ್ನೇ ಕಿತ್ತುಕೊಂಡಿತು. ಗಂಡಸರು ಹೊರಗಿನವಳನ್ನು ಮದುವೆಯಾದರೆ ಈ ಶಿಕ್ಷೆ ಇರಲಿಲ್ಲ! ಮದುವೆ ಮುರಿದ ಮೇಲೆ ತವರಿಗೆ ಮರಳಿ ನೆಲೆಸುವ ಹಕ್ಕೂ ಅವರಿಗೆ ಉಳಿದಿರಲಿಲ್ಲ. ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. 27ನೇ ವಿಧಿಯ ಉಲ್ಲಂಘನೆಯಾಗಿದೆ ಎಂದು 1981ರಲ್ಲಿ ಸಮಿತಿ ಹೇಳಿತು. 1985ರಲ್ಲಿ ಕೆನಡಾ ಕಾನೂನು ಬದಲಿಸಿತು.

1992ರ ಡಿಸೆಂಬರ್ 18ರಂದು ವಿಶ್ವಸಂಸ್ಥೆ ಅಲ್ಪಸಂಖ್ಯಾತರ ಹಕ್ಕುಗಳ ಘೋಷಣೆ ಹೊರಡಿಸಿತು. ತಾಯ್ನುಡಿ ಕಲಿಯಲು ಸಾಧ್ಯವಾದಲ್ಲೆಲ್ಲ ಸರ್ಕಾರ ಅನುಕೂಲ ಮಾಡಿಕೊಡಬೇಕು ಎಂದು ಅದರಲ್ಲಿದೆ. ಆದರೆ ಅದು ಘೋಷಣೆ ಮಾತ್ರ, ಕಾನೂನಿನ ಕಟ್ಟಿಲ್ಲ.

ನಮ್ಮ ಸಂವಿಧಾನ ಇದಕ್ಕೆಲ್ಲ ಕಾಯಲಿಲ್ಲ. ತಮ್ಮ ಭಾಷೆ, ಲಿಪಿ ಉಳಿಸಿಕೊಳ್ಳುವ, ತಮ್ಮ ಶಾಲೆ ನಡೆಸುವ ಹಕ್ಕು 29 ಮತ್ತು 30ನೇ ವಿಧಿಗಳಲ್ಲಿ 1950ರಿಂದಲೇ ಇದೆ. ರಾಜ್ಯಗಳ ಗೆರೆ ಬದಲಾದ 1956ರ ನವೆಂಬರ್ 1ರಂದೇ ಸಂವಿಧಾನದ ಏಳನೇ ತಿದ್ದುಪಡಿಯೂ ಜಾರಿಗೆ ಬಂತು. ಅದರಿಂದ ಬಂದ 350-ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸಲು ಬೇಕಾದ ಸೌಲಭ್ಯ ಒದಗಿಸಲು ಪ್ರಯತ್ನಿಸಿ ಎಂದು ರಾಜ್ಯಗಳಿಗೆ ಹೇಳುತ್ತದೆ. ಬೆಳಗಾವಿಯ ಮರಾಠಿ ಮಗುವಿಗೂ ಜತ್ತದ ಕನ್ನಡ ಮಗುವಿಗೂ ಆಸರೆ ಇದೇ ವಿಧಿ. ಒಂದು ಕಡೆ ಸಡಿಲಿಸಿ ಇನ್ನೊಂದು ಕಡೆ ಬಿಗಿ ಮಾಡಿ ಎಂದು ಕೇಳಲು ಬರುವುದಿಲ್ಲ ಅಲ್ವಾ?

ಶಾಲೆಯಲ್ಲಿ ಶಿಕ್ಷಕರಿಲ್ಲ, ಪುಸ್ತಕ ಬಂದಿಲ್ಲ ಎಂದಾಗ ಎಲ್ಲಿಗೆ ಹೋಗುವುದು? ಭಾರತ 1979ರಲ್ಲಿ 1966ರ ಒಪ್ಪಂದಕ್ಕೆ ಸೇರಿದೆ. ವ್ಯಕ್ತಿಗಳು ನೇರ ದೂರು ಕೊಡಲು ಬಿಡುವ ಪ್ರತ್ಯೇಕ ಒಪ್ಪಂದಕ್ಕೆ ಮಾತ್ರ ಸೇರಿಲ್ಲ. ಲವ್‌ಲೇಸ್ ಹಿಡಿದ ದಾರಿ ನಮಗೆ ಮುಚ್ಚಿದೆ. ಕೋರ್ಟು ಬಿಟ್ಟರೆ ಉಳಿಯುವುದು 350-ಬಿ ವಿಧಿಯಡಿ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರು. ಅವರು ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ, ಅದು ಸಂಸತ್ತಿನ ಮುಂದೆ ಬರುತ್ತದೆ, ರಾಜ್ಯಗಳಿಗೂ ಹೋಗುತ್ತದೆ. ಆದೇಶ ಹೊರಡಿಸುವ ಅಧಿಕಾರವನ್ನು ಆ ವಿಧಿ ಅವರಿಗೆ ಕೊಟ್ಟಿಲ್ಲ. ಅದನ್ನು ಕೊಡಿ ಎಂದು ಗಡಿಯ ಎರಡೂ ಕಡೆಯ ಪಾಲಕರು ಸೇರಿ ಕೇಳಬೇಕು.